ಚೆಂಡು ಬಾರದ ಜಾಗ

ಹೋದ ತಿಂಗಳು ಕಾರಿನ ಹಿಂದಿನ ಎರಡು ಟೈರು ಬದಲಿಸಲೆಂದು ಸ್ಯಾನ್ ಡಿಯೇಗೋದ ಮಿರಾ ಮೆಸಾ ಬಡಾವಣೆಯ ಒಂದು ಅಂಗಡಿಯಲ್ಲಿ ಕಾಯುತ್ತ ಕೂತಿದ್ದೆ. ಬಿಸಿಲು ಜೋರಾಗಿತ್ತು. ಹೊರಗೆ ರಾಶಿ ಹಾಕಿದ್ದ ಹಳೆಯ ಟೈರುಗಳಿಂದ ಕಾದ ರಬ್ಬರಿನ ವಾಸನೆ ಬಂತು. ಓದುತ್ತಿದ್ದ ಮೆಸೇಜು ಅರ್ಧಕ್ಕೇ ನಿಂತಿತು. ಅದು 2021ರ ಆ ಮೈದಾನದ ವಾಸನೆ. ಅಲ್ಲಿದ್ದದ್ದು ನಿಜವಾದ ಹುಲ್ಲಲ್ಲ. ಪ್ಲಾಸ್ಟಿಕ್ ಹುಲ್ಲಿನ ಎಳೆಗಳ ನಡುವೆ, ಹಳೆಯ ಟೈರುಗಳನ್ನು ಅರೆದು ಮಾಡಿದ ಕರಿಯ ಹರಳು ಸುರಿದಿದ್ದರು. ಮಧ್ಯಾಹ್ನ ಕಾದು ಮೂಗಿಗೆ ಹತ್ತುತ್ತಿತ್ತು. ಆ ಹರಳು ನನ್ನ ಶೂಗಳಲ್ಲಿ, ಸಾಕ್ಸುಗಳಲ್ಲಿ, ಕೊನೆಗೆ ಪದ್ಮಾ ಆಂಟಿಯ ವಾಷಿಂಗ್ ಮೆಷಿನ್ನಿನಲ್ಲೂ ಸಿಗುತ್ತಿತ್ತು. ಆ ಮೂರು ತಿಂಗಳನ್ನು ನೆನೆದರೆ ಈಗಲೂ ಮೊದಲು ದಣಿವೇ ನೆನಪಾಗುತ್ತದೆ, ಆಮೇಲೆ ಉಳಿದದ್ದು.

ಆಗ ನನಗೆ ಇಪ್ಪತ್ತಾರು. ಊರು ಗದಗ. ಲಾಸ್ ಏಂಜಲೀಸಿನಲ್ಲಿ ಸ್ಟಾಟಿಸ್ಟಿಕ್ಸ್ ಮಾಸ್ಟರ್ಸ್ ಮುಗಿಸಿ ಕೆಲಸ ಹುಡುಕುತ್ತಿದ್ದೆ. ಓದು ಮುಗಿದ ಮೇಲೆ ಕೆಲಸವಿಲ್ಲದೆ ಈ ದೇಶದಲ್ಲಿ ತೊಂಬತ್ತು ದಿನ ಇರಬಹುದು, ಅಷ್ಟೇ. ಆದರೆ ಓದಿದ ವಿಷಯಕ್ಕೇ ಸಂಬಂಧಪಟ್ಟದ್ದಾದರೆ ಸಂಬಳವಿಲ್ಲದ ಕೆಲಸವೂ ಲೆಕ್ಕಕ್ಕೆ ಬರುತ್ತಿತ್ತು. ದಿನಗಳು ಕರಗುವುದು ನಿಲ್ಲುತ್ತಿತ್ತು. ನನ್ನವು ಮುಕ್ಕಾಲು ಪಾಲು ಕರಗಿದ್ದಾಗ ನಮ್ಮ ಪ್ರೊಫೆಸರ್ ಒಬ್ಬರು ಹೇಳಿದರು: ಸ್ಯಾನ್ ಡಿಯೇಗೋದ ಒಂದು ಸಣ್ಣ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಆಟದ ವಿಡಿಯೋ ನೋಡಿ ಅಂಕಿಅಂಶ ತೆಗೆಯುವವರು ಬೇಕಂತೆ, ಸಂಬಳ ಇಲ್ಲ.

ಫುಟ್‌ಬಾಲ್ ಅಂದರೆ ಅಮೆರಿಕದ್ದು, ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವುದು. ನನಗೆ ಅದರ ಗಂಧ ಗಾಳಿ ಇರಲಿಲ್ಲ. ಆದರೂ ಹೂಂ ಅಂದೆ.

ಮಿರಾ ಮೆಸಾದಲ್ಲಿ ಪದ್ಮಾ ಆಂಟಿಯ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಬೆಂಗಳೂರಿನ ಬಸವನಗುಡಿಯವರು, ಗಂಡ ತೀರಿಕೊಂಡಿದ್ದರು, ಇಪ್ಪತ್ತು ವರ್ಷ ಒಂದು ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಮೊದಲ ದಿನವೇ ಕೇಳಿದರು, "ಏನಮ್ಮ ಶೈಲಾ, ಅಷ್ಟು ಓದಿ ಈಗ ಫುಟ್‌ಬಾಲ್ ಹುಡುಗರ ಹಿಂದೆ ಓಡ್ತೀಯಾ?"

"ಓಡೂದಿಲ್ಲರೀ ಆಂಟಿ, ಕುಂತು ನೋಡೂದು," ಅಂದೆ.

ಕೂತು ನೋಡುವುದೇ ಕೆಲಸ. ಕಿಟಕಿ ಇಲ್ಲದ ಕೋಣೆ, ಪಕ್ಕದಲ್ಲೇ ತಂಡದ ಬಟ್ಟೆ ಒಗೆಯುವ ಮೆಷಿನ್ನುಗಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಅವುಗಳ ಗುರುಗುಟ್ಟುವಿಕೆ, ಬೆವರಿನ ವಾಸನೆ, ಮುಖದ ಮೇಲೆ ಮಾಸ್ಕು. ಅಲ್ಲಿ ನನಗೆ ಆಟ ಕಲಿಸಿದವರು ಕೋಚ್ ಆರ್ನಿ. ಅರವತ್ತು ದಾಟಿದ್ದರು, ಎರಡೂ ಮಂಡಿ ಸವೆದಿದ್ದವು, ತಂಡದಲ್ಲಿ ಹಿಂದೆ ನಿಂತು ಪಾಸ್ ತಡೆಯುವವರ ಜವಾಬ್ದಾರಿ ಅವರದು. ಮೊದಲ ದಿನ ಜೇಬಿನಿಂದ ಮಾತ್ರೆ ಡಬ್ಬಿ, ಬೀಗದ ಕೈ, ಚಿಲ್ಲರೆ ಎಲ್ಲ ತೆಗೆದು ಮೇಜಿನ ಮೇಲೆ ಜೋಡಿಸಿದರು.

"ಈ ಕಾಫಿ ಕಪ್ಪು ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆಯೋನು. ಅವನ ಕಡೆಯವರು ಓಡಿ ಹೋಗಿ ಹಿಡೀಬೇಕು, ನಾವು ಹಿಡಿಯೋಕೆ ಬಿಡಬಾರದು. ಅದಕ್ಕೆ ಎರಡು ದಾರಿ. ಒಬ್ಬೊಬ್ಬನ ಬೆನ್ನಿಗೆ ಒಬ್ಬೊಬ್ಬ ಬೀಳೋದು ಒಂದು. ಮೈದಾನ ಹಂಚಿಕೊಂಡು ಅವರವರ ಪಾಲು ಅವರವರು ಕಾಯೋದು ಇನ್ನೊಂದು. ಅದೇ ಝೋನ್. ನಾವು ಝೋನ್ ಆಡೋರು."

ಎರಡು ಅಂಚಿನಲ್ಲಿ ಇಬ್ಬರು ಕಾರ್ನರ್‌ಗಳು, ನಡುವೆ ಮುಂದೆ ಲೈನ್‌ಬ್ಯಾಕರ್‌ಗಳು, ಎಲ್ಲರಿಗಿಂತ ಹಿಂದೆ, ನಟ್ಟ ನಡುವೆ ಒಬ್ಬನೇ ಒಬ್ಬ ಸೇಫ್ಟಿ. ಆ ಕೊನೆಯವನ ಜಾಗದಲ್ಲಿ ಆರ್ನಿ ಇಟ್ಟದ್ದು ಒಂದು ಸಣ್ಣ ಬಿಳಿ ಮಾತ್ರೆ. "ಇವನು ಮಲಾಕೈ," ಅಂದರು. ಆ ಮಾತ್ರೆಯನ್ನು ಆಮೇಲೆ ನುಂಗಿಯೂ ಬಿಟ್ಟರು.

ಮಲಾಕೈ ಹತ್ತಿರದ ಓಷನ್‌ಸೈಡ್ ಊರಿನವನು, ಟೋಂಗಾ ದ್ವೀಪದಿಂದ ಬಂದ ಮನೆತನ. ಇಪ್ಪತ್ತೊಂದು ವರ್ಷ, ಬಾಗಿಲಷ್ಟು ಅಗಲ, ಮಾತು ಮಾತ್ರ ಇಲ್ಲ. ಸೆಪ್ಟೆಂಬರಿನಲ್ಲಿ ಅವನ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ. ಅಭ್ಯಾಸ ಮುಗಿದ ಮೇಲೆ ಎಲ್ಲರೂ ಹೋದರೂ ಬೆಂಚಿನ ಮೇಲೆ ಕೂತು ಶೂಗಳಿಂದ ಕರಿ ಹರಳನ್ನು ಮೈದಾನಕ್ಕೇ ಕೊಡವಿ ಹೋಗುತ್ತಿದ್ದ. ಉಳಿದವರು ಬಟ್ಟೆ ಬದಲಿಸುವ ಕೋಣೆಯಲ್ಲೇ ಸುರಿಯುತ್ತಿದ್ದರು.

ಅಕ್ಟೋಬರ್ ಬಂತು. ಮರುಭೂಮಿಯಿಂದ ಬೀಸುವ ಒಣ ಗಾಳಿಗೆ ತುಟಿ ಒಡೆದವು, ಕಣ್ಣು ಉರಿದವು. ಬೆಳಿಗ್ಗೆ ವಿಡಿಯೋ, ಸಂಜೆ ಕೆಲಸಕ್ಕೆ ಅರ್ಜಿ, ರಾತ್ರಿ ಯಾವುದೋ ಕಂಪನಿಯ ಆನ್‌ಲೈನ್ ಪರೀಕ್ಷೆ, ಮರುದಿನ 'ಕ್ಷಮಿಸಿ' ಎಂಬ ಇಮೇಲ್. ಅಂಥ ಇಮೇಲುಗಳನ್ನು ಪೂರ್ತಿ ಓದುವುದನ್ನೂ ಬಿಟ್ಟಿದ್ದೆ. ಆಗಲೇ ತಂಡದ ಮುಖ್ಯ ಕೋಚ್ ನನ್ನನ್ನು ಕರೆದರು. ಮುಂದಿನ ವರ್ಷಕ್ಕೆ ಹಿಂದಿನ ಸಾಲಿನವರಲ್ಲಿ ಒಬ್ಬರಿಗೆ ಮಾತ್ರ ಸ್ಕಾಲರ್‌ಶಿಪ್ ಉಳಿಸಬಹುದು. "ನಮ್ಮ ಝೋನಿನಲ್ಲಿ ಯಾವ ಜಾಗಕ್ಕೆ ಎಷ್ಟು ಬೆಲೆ, ನನಗೆ ಒಂದು ಪಟ್ಟಿ ಬೇಕು. ಸೋಮವಾರ."

ನನ್ನ ಹಾಳೆಯಲ್ಲಿ ಪ್ರತಿ ಪಾಸಿಗೂ ಒಂದು ಸಾಲು. ಚೆಂಡು ಎಲ್ಲಿಗೆ ಹೋಯಿತು, ಯಾರು ತಡೆದರು, ಯಾರು ಕಸಿದುಕೊಂಡರು, ಎಷ್ಟು ದೂರ ಬಿಟ್ಟುಕೊಟ್ಟರು. ಕೊನೆಯಲ್ಲಿ 'ಮೊದಲ ನೋಟ' ಅಂತ ಒಂದು ಕಾಲಂ ಇತ್ತು. ಎಸೆಯುವವನು ಮೊದಲು ಎತ್ತ ನೋಡಿದ ಅನ್ನುವುದನ್ನು ಅಲ್ಲಿ ಬರೆಯಬೇಕು. ಆರ್ನಿಯೇ ಹಾಕಿಸಿದ್ದು. ಅದನ್ನು ತುಂಬಬೇಕಾದರೆ ಒಂದೊಂದು ಪಾಸನ್ನೂ ಇನ್ನೊಂದು ಕ್ಯಾಮೆರಾದಿಂದ, ನಿಧಾನಗತಿಯಲ್ಲಿ, ಹೆಲ್ಮೆಟ್ ತಿರುಗುವುದನ್ನೇ ನೋಡುತ್ತ ಕೂರಬೇಕು. ಹೆಚ್ಚುಕಮ್ಮಿ ಪೂರ್ತಿ ಖಾಲಿ ಇತ್ತು. ಸೋಮವಾರ ಬೆಳಿಗ್ಗೆಯೇ ನನಗೊಂದು ಇಂಟರ್‌ವ್ಯೂ ಕೂಡ ಇತ್ತು. ಭಾನುವಾರ ಸಂಜೆ ಆ ಕಾಲಮನ್ನು ಅಳಿಸಿಬಿಟ್ಟೆ. ಅಳಿಸುವಾಗ ನನಗೆ ಗೊತ್ತಿತ್ತು. ಈ ಮಾತನ್ನು ನಾನು ಬೇರೆ ಯಾವ ರೀತಿಯಲ್ಲೂ ಹೇಳಲಾರೆ. ಏನೋ ಮುಖ್ಯವಾದದ್ದನ್ನು ಬಿಡುತ್ತಿದ್ದೇನೆ ಅಂತ ಗೊತ್ತಿತ್ತು, ಬಿಟ್ಟೆ.

ಪಟ್ಟಿ ಚೊಕ್ಕವಾಗಿ ಬಂತು. ಮೇಲೆ ಎಡಗಡೆಯ ಕಾರ್ನರ್ ಡಾಂಟೆ. ಆ ಸೀಸನ್ನಿನಲ್ಲಿ ಎಲ್ಲರಿಗಿಂತ ಹೆಚ್ಚು ಚೆಂಡು ಕಸಿದವನು ಅವನೇ. ಆಮೇಲೆ ಲೈನ್‌ಬ್ಯಾಕರ್‌ಗಳು. ಎಲ್ಲಕ್ಕಿಂತ ಕೆಳಗೆ ಸೇಫ್ಟಿ. ಅವನ ಕಡೆಗೆ ಚೆಂಡೇ ಬಂದಿರಲಿಲ್ಲ. ಬಾರದ ಚೆಂಡಿಗೆ ನನ್ನ ಹಾಳೆಯಲ್ಲಿ ಸಾಲಿರಲಿಲ್ಲ.

ಆ ಗುರುವಾರ ಮಲಾಕೈಯನ್ನು ಬೆಂಚಿನಲ್ಲಿ ಕೂರಿಸಿದರು. ಸ್ಕಾಲರ್‌ಶಿಪ್ ಡಾಂಟೆಗೆ ಅಂತ ತೀರ್ಮಾನವಾಯಿತು. ಸೇಫ್ಟಿ ಜಾಗಕ್ಕೆ ಚಿಗರೆಯಂತೆ ಓಡುವ ಹೊಸಬನೊಬ್ಬ ಬಂದ. ನನ್ನ ಇಂಟರ್‌ವ್ಯೂ ಕೂಡ ಕೆಟ್ಟಿತು.

ಆ ಶನಿವಾರದ ಆಟ ಲಾಸ್ ಏಂಜಲೀಸಿನಲ್ಲಿತ್ತು. ಪದ್ಮಾ ಆಂಟಿಯೂ ನನ್ನ ಜೊತೆ ಹೊರಟರು. ರೆಡೊಂಡೊ ಬೀಚಿನಲ್ಲಿ ಅವರ ತಂಗಿಯ ಮನೆ. ಅವರನ್ನು ಅಲ್ಲಿಳಿಸಿ ನಾನು ಮೈದಾನಕ್ಕೆ ಹೋದೆ. ಆಟದ ಮೊದಲ ಹತ್ತು ನಿಮಿಷದಲ್ಲೇ ಏನಾಗುತ್ತಿದೆ ಅಂತ ನನಗೂ ಅರ್ಥವಾಯಿತು. ಡಾಂಟೆ ಎಂದಿನಂತೆ ಚೆಂಡು ಕಸಿಯಲು ಮುನ್ನುಗ್ಗಿದ. ಸಿಗಲಿಲ್ಲ. ಅವನ ಹಿಂದೆ ಯಾರೂ ಇರಲಿಲ್ಲ. ಹೊಸ ಸೇಫ್ಟಿಯೂ ಆಸೆಗೆ ಬಿದ್ದು ಮುಂದೆ ಓಡಿ ಬಂದಿದ್ದ. ಹಿಂದಿನ ಬಯಲೆಲ್ಲ ಖಾಲಿ. ಎದುರಾಳಿ ಅಲ್ಲಿಗೆ ಎಸೆದ, ಮತ್ತೆ ಎಸೆದ, ಮತ್ತೆ ಮತ್ತೆ ಅಲ್ಲಿಗೇ ಎಸೆದ. ಮಲಾಕೈ ಬೆಂಚಿನ ಪಕ್ಕ ನಿಂತು ಕೈಸನ್ನೆ ಮಾಡಿ ಆ ಹೊಸಬನಿಗೆ 'ಹಿಂದೆ, ಹಿಂದೆ' ಅನ್ನುತ್ತಿದ್ದ. ಕೊನೆಕೊನೆಗೆ ಕೈ ಇಳಿಸಿದ.

ಆಟ ಸೋತ ಮೇಲೆ ಆರ್ನಿ ನನ್ನ ಪಕ್ಕ ಬಂದು ಕೂತರು. ಬೈಯುತ್ತಾರೆ ಅಂದುಕೊಂಡೆ. ಮಂಡಿ ಒತ್ತಿಕೊಳ್ಳುತ್ತ ಹೇಳಿದರು, "ನೀನು ಆದದ್ದನ್ನು ಮಾತ್ರ ಎಣಿಸಿದೆ."

"ಆಗದೇ ಇರೋದನ್ನ ಎಣಿಸೋದು ಹೇಗೆ ಕೋಚ್?"

"ಅದಕ್ಕೇ ಆ ಕಾಲಂ ಹಾಕಿಸಿದ್ದೆ," ಅಂದರು. "ನಾನೂ ನಿನ್ನ ಪಟ್ಟಿ ಕಳಿಸೋ ಮೊದಲು ನೋಡಬೇಕಿತ್ತು. ನೋಡಲಿಲ್ಲ. ದಣಿದಿದ್ದೆ." ಅಷ್ಟೇ ಹೇಳಿ ಎದ್ದು ಕುಂಟುತ್ತ ಬಸ್ಸಿನ ಕಡೆ ಹೋದರು.

ರಾತ್ರಿ ನಾನೂ ಆ ತಂಗಿಯ ಮನೆಯಲ್ಲೇ ಉಳಿದು, ಮರುದಿನ ಆಂಟಿಯನ್ನು ಕ್ಯಾಲಬಾಸಸ್ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ನವರಾತ್ರಿ ಕಳೆದಿದ್ದರೂ ಜನ ಇತ್ತು. ನಾನು ಒಳಗೆ ಹೋಗಿ ಕೈ ಮುಗಿದು ಬೇಗ ಹೊರಬಂದು ಮೆಟ್ಟಿಲ ಮೇಲೆ ಕೂತೆ. ವಾಪಸು ಬರುವಾಗ 405 ಹೆದ್ದಾರಿಯಲ್ಲಿ ಟ್ರಾಫಿಕ್ ಕಟ್ಟಿಕೊಂಡಿತು. ಕಾರು ತೆವಳುತ್ತಿದ್ದಾಗ ಎಲ್ಲವನ್ನೂ ಹೇಳಿಬಿಟ್ಟೆ. ಅಳಿಸಿದ ಕಾಲಮ್ಮಿನ ಮಾತನ್ನೂ.

ಆಂಟಿ ರೇಡಿಯೋ ಆರಿಸಿದರು. "ಲ್ಯಾಬಲ್ಲಿ ಒಂದ್ಸಲ ನಾನೂ ಹೀಗೇ ಮಾಡಿದ್ದೆ ಕಣೆ. ಒಂದು ಟೆಸ್ಟು ಎರಡು ಸಲ ಮಾಡಬೇಕು, ಒಂದೇ ಸಲ ಮಾಡಿ ಎರಡು ಅಂತ ಬರೆದೆ. ಮಗಳಿಗೆ ಜ್ವರ, ಡೇಕೇರ್‌ನೋರು ಫೋನ್ ಮೇಲೆ ಫೋನ್."

"ಏನಾತ್ರೀ ಆಮೇಲೆ?"

"ಏನೂ ಆಗ್ಲಿಲ್ಲ. ಆದ್ರೆ ಅದು ನನ್ನ ಪುಣ್ಯ ಅಷ್ಟೆ. ನಿಂದು ಆಗಿದೆ. ಆ ಹುಡುಗನ ಹತ್ರ ಹೋಗಿ ಹೇಳು."

"ಹೆಂಗ್ ಹೇಳ್ಲಿರೀ?"

"ಬಾಯಲ್ಲಿ ಹೇಳು," ಅಂದು ಆಂಟಿ ಕಿಟಕಿಯ ಕಡೆ ತಿರುಗಿದರು.

ನಾನು ಹೇಳಲಿಲ್ಲ. ಹೇಳುವುದಕ್ಕಿಂತ ಕೆಲಸ ಮಾಡುವುದು ಸುಲಭವಾಗಿ ಕಂಡಿತು. ಸೋಮವಾರದಿಂದ ಆ ಕಾಲಮನ್ನು ಮತ್ತೆ ತೆರೆದು, ಸೀಸನ್ನಿನ ಮೊದಲ ಆಟದಿಂದ ಒಂದೊಂದೇ ಪಾಸ್ ನೋಡುತ್ತ ಬಂದೆ. ಚೆಂಡನ್ನು ನೋಡುವಂತಿಲ್ಲ, ಎಸೆಯುವವನ ಹೆಲ್ಮೆಟ್ಟನ್ನೇ ನೋಡಬೇಕು. ಮೊದಲು ದೂರ ನೋಡುತ್ತಾನೆ. ಅಲ್ಲಿ ಮಲಾಕೈ ನಿಂತಿರುತ್ತಾನೆ. ಹೆಚ್ಚು ಅಲುಗುವುದಿಲ್ಲ, ಎರಡು ಹೆಜ್ಜೆ ಹಿಂದೆ, ಸೊಂಟ ಸ್ವಲ್ಪ ತಿರುಗಿಸಿ. ಎಸೆಯುವವನ ತಲೆ ಅಲ್ಲಿಂದ ಸರಿಯುತ್ತದೆ, ಹತ್ತಿರದಲ್ಲಿ ಯಾರಿಗೋ ಎಸೆದು ಕೈ ತೊಳೆದುಕೊಳ್ಳುತ್ತಾನೆ. ಇಲ್ಲವೆ ತಡ ಮಾಡುತ್ತಾನೆ, ಅಷ್ಟರಲ್ಲಿ ನಮ್ಮವರು ಅವನನ್ನು ನೆಲಕ್ಕೆ ಕೆಡವಿರುತ್ತಾರೆ. ಡಾಂಟೆ ಕಸಿದ ಚೆಂಡುಗಳನ್ನೂ ನೋಡಿದೆ. ಅವನು ನುಗ್ಗಿದಾಗಲೆಲ್ಲ ಅವನು ಬಿಟ್ಟುಹೋದ ಜಾಗಕ್ಕೆ ಮಲಾಕೈ ಮೊದಲೇ ವಾಲಿರುತ್ತಿದ್ದ. ಡಾಂಟೆಗೆ ಧೈರ್ಯ ಬರುತ್ತಿದ್ದದ್ದೇ ಅಲ್ಲಿಂದ. ಡಾಂಟೆಗೂ ಅದು ಗೊತ್ತಿತ್ತೋ ಇಲ್ಲವೋ.

ಮೂರು ವಾರ ಹಿಡಿಯಿತು. ನನ್ನ ಕಣ್ಣು ಕೆಂಪಾದವು, ಆಂಟಿ ರೋಸ್ ವಾಟರಿನಲ್ಲಿ ಅದ್ದಿದ ಹತ್ತಿ ಕೊಟ್ಟರು. ನವೆಂಬರಿನ ಎರಡನೇ ವಾರ, ಬೆಳಗಿನ ಸಮುದ್ರದ ಮಂಜು ಇನ್ನೂ ಮೈದಾನದ ಮೇಲಿದ್ದಾಗ, ಹೊಸ ಪಟ್ಟಿಯನ್ನು ಮುಖ್ಯ ಕೋಚ್ ಮುಂದಿಟ್ಟೆ. ಮೇಲೆ ಸೇಫ್ಟಿ. ಅವನ ಕೆಳಗೆ ನಡುವಿನ ಲೈನ್‌ಬ್ಯಾಕರ್. ಕಾರ್ನರ್ ಮೂರನೆಯವನು. ಮೊದಲ ಪಟ್ಟಿ ತಪ್ಪು, ತಪ್ಪು ನನ್ನದು ಅಂದೆ.

ಅವರು ಕೆಟ್ಟ ಮನುಷ್ಯರಲ್ಲ. ಪೂರ್ತಿ ಓದಿದರು. ಎರಡು ಸಲ ಓದಿದರು ಅನ್ನಿಸುತ್ತದೆ. "ಇದು ಒಳ್ಳೆ ಕೆಲಸ," ಅಂದರು. "ಆದರೆ ಡಾಂಟೆಯ ಮನೆಯವರಿಗೆ ಮಾತು ಕೊಟ್ಟಾಗಿದೆ. ಅವನ ಕೈಯಿಂದ ಕಿತ್ತು ಇವನಿಗೆ ಕೊಡಲೇನು?"

ಪಟ್ಟಿಯನ್ನು ಅವರ ಮೇಜಿನ ಮೇಲೇ ಬಿಟ್ಟು ಹೊರಬಂದೆ.

ಅದೇ ವಾರ, ಸೀಸನ್ನಿನ ಕೊನೆಯ ಆಟವೂ ಮುಗಿದ ಮೇಲೆ, ಮಲಾಕೈ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಬೆಳಕೇ ಅಡ್ಡಗಟ್ಟಿದಂತಾಯಿತು.

"ಲೆಕ್ಕದ ಮೇಡಂ ನೀವೇನಾ?"

"ಹೌದು."

"ಬೇರೆ ಕಾಲೇಜುಗಳಿಗೆ ಕಳಿಸೋಕೆ ನನ್ನ ಆಟದ ವಿಡಿಯೋ ಬೇಕು. ಎಲ್ಲರೂ ಚೆಂಡು ಕಸಿದದ್ದು, ಡಿಕ್ಕಿ ಹೊಡೆದದ್ದು ಕಳಿಸ್ತಾರೆ. ನನ್ನ ಹತ್ತಿರ ಅಂಥದ್ದು ಜಾಸ್ತಿ ಇಲ್ಲ." ಅವನು ತನ್ನ ಶೂ ನೋಡಿಕೊಂಡ. "ನಿಮ್ಮ ಹತ್ತಿರ ಏನಾದರೂ ಇದೆಯಾ?"

ಇತ್ತು. ಅಂದಿನಿಂದ ಡಿಸೆಂಬರ್ ನಡುವಿನವರೆಗೆ, ವಾರಕ್ಕೆ ಎರಡು ಮೂರು ಮಧ್ಯಾಹ್ನ ಅವನು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ. ಏನೂ ಆಗದ ತುಣುಕುಗಳನ್ನು ನಾವಿಬ್ಬರೂ ಸೇರಿ ಕತ್ತರಿಸಿದೆವು. ಒಂದೊಂದರಲ್ಲೂ ಎಸೆಯುವವನ ತಲೆಯ ಸುತ್ತ ನಾನು ಒಂದು ಹಳದಿ ವೃತ್ತ ಬರೆದೆ, ನೋಡುವವರಿಗೆ ತಿಳಿಯಲೆಂದು. ಅವನಿಗೆ ಪ್ರತಿಯೊಂದೂ ನೆನಪಿತ್ತು. "ಇಲ್ಲಿ ಡಾಂಟೆ ಹೋಗ್ತಾನೆ ಅಂತ ಗೊತ್ತಿತ್ತು. ಹೋಗೋ ಮೊದಲು ಎಡಗೈ ಒಂದು ಸಲ ಕೊಡವ್ತಾನೆ." ಇನ್ನೊಂದಕ್ಕೆ, "ಇಲ್ಲಿ ನನಗೆ ಭಯ ಆಗಿತ್ತು." ಆ ತುಣುಕಿನಲ್ಲಿ ಅವನು ಕಂಬದಂತೆ ನಿಂತಿದ್ದ. ಭಯದ ಸುಳಿವೇ ಇರಲಿಲ್ಲ.

ಒಂದು ದಿನ ಆರ್ನಿ ಒಳಗೆ ಬಂದು, ನಿಂತೇ ಎಲ್ಲ ತುಣುಕು ನೋಡಿದರು. ಅದು ಅವರ ಕೊನೆಯ ಸೀಸನ್, ಮಂಡಿಯ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಮಲಾಕೈಯ ಹೆಗಲ ಮೇಲೆ ಕೈ ಇಟ್ಟು, ಆ ಹೆಗಲನ್ನೇ ಊರಿಕೊಂಡು ತಿರುಗಿ ಹೊರಗೆ ಹೋದರು.

ಇಷ್ಟೆಲ್ಲ ದಿನ ಪಕ್ಕದಲ್ಲಿ ಕೂತರೂ ಮೊದಲ ಪಟ್ಟಿಯ ಮಾತು ನನ್ನ ಬಾಯಿಂದ ಹೊರಡಲಿಲ್ಲ. ದಿನವೂ ಸಂಜೆ ಆಂಟಿ ಕಣ್ಣಲ್ಲೇ ಕೇಳುತ್ತಿದ್ದರು, ನಾನು ಅಡುಗೆಮನೆಗೆ ಜಾರಿಕೊಳ್ಳುತ್ತಿದ್ದೆ.

ವಿಡಿಯೋ ಹಲವು ಕಾಲೇಜುಗಳಿಗೆ ಹೋಯಿತು. ಕೆಲವರು ಉತ್ತರಿಸಲಿಲ್ಲ, ಕೆಲವರು 'ಜಾಗ ತುಂಬಿದೆ' ಅಂದರು. ದೂರದ ಒಂದು ಊರಿನ ಕೋಚ್ ಮಾತ್ರ ಫೋನ್ ಮಾಡಿ, ಚೆನ್ನಾಗಿದೆ, ಆದರೆ ಚೆಂಡು ಕಸಿದದ್ದು ಏನಾದರೂ ಇದೆಯಾ ಅಂತ ಕೇಳಿದರಂತೆ.

ಜನವರಿಯಲ್ಲಿ ನನಗೆ ಸೊರೆಂಟೊ ವ್ಯಾಲಿಯ ಒಂದು ಕಂಪನಿಯಿಂದ ಕರೆ ಬಂತು. ಇಂಟರ್‌ವ್ಯೂನಲ್ಲಿ ನೀನು ಮಾಡಿದ ಒಂದು ಕೆಲಸ ತೋರಿಸು ಅಂದರು. ತೋರಿಸಲು ನನ್ನಲ್ಲಿ ಇದ್ದದ್ದು ಅದೊಂದೇ, ಎರಡನೇ ಪಟ್ಟಿ. ಎದುರಿಗಿದ್ದ ಮ್ಯಾನೇಜರ್ ಮುಂದಕ್ಕೆ ಬಾಗಿ ಕೂತರು. ಕಾಣದೇ ಇರುವುದನ್ನು ಅಳೆಯುವ ಬುದ್ಧಿ ನಮ್ಮ ಕೆಲಸಕ್ಕೆ ತುಂಬ ಬೇಕು ಅಂದರು. ಅದೇ ಶುಕ್ರವಾರ ಕೆಲಸ ಸಿಕ್ಕಿತು. ಆರೇಳು ತಿಂಗಳು ಕಾದ ಸುದ್ದಿ ಅದು. ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಊರಿಗೆ ಫೋನ್ ಮಾಡಿದೆ, ಅವ್ವ ಅತ್ತಳು. ನನಗೆ ಅಳುವೂ ಬರಲಿಲ್ಲ, ನಗುವೂ ಬರಲಿಲ್ಲ. ನಿದ್ದೆ ಬಂತು.

ಮಲಾಕೈಗೆ ಮೆಸೇಜ್ ಮಾಡಿದೆ. ಅವನು ಅಷ್ಟರಲ್ಲಿ, ಮುಂದಿನ ವರ್ಷದ ಫೀಸಿಗೆ ದಾರಿ ಕಾಣದೆ, ಕಾಲೇಜು ಬಿಟ್ಟು ಅಪ್ಪನ ಜೊತೆ ಮನೆಗಳ ಚಾವಣಿ ಹಾಕುವ ಕೆಲಸಕ್ಕೆ ಸೇರಿದ್ದ. ಈಗಲೂ ಅದೇ ಕೆಲಸದಲ್ಲಿದ್ದಾನೆ. ಮದುವೆಯಾಗಿದೆ, ಒಂದು ಮಗುವಿದೆ. ಫುಟ್‌ಬಾಲ್ ಆಮೇಲೆ ಆಡಲಿಲ್ಲ. ಅವತ್ತು ಅವನ ಉತ್ತರ ಕೂಡಲೇ ಬಂತು: 'ಭಾನುವಾರ ಊಟಕ್ಕೆ ಬನ್ನಿ. ಅಮ್ಮ ಕರೀತಿದ್ದಾರೆ.'

ಓಷನ್‌ಸೈಡಿನಲ್ಲಿ ಅವರದು ತಗ್ಗಾದ ಮನೆ, ಅಂಗಳದ ತುಂಬ ಏಣಿಗಳು, ಚರ್ಚಿನಿಂದ ಬಂದ ನೆಂಟರು. ಕೆಸುವಿನ ಎಲೆಯಲ್ಲಿ ಮಾಂಸ ಕಟ್ಟಿ ತೆಂಗಿನ ಹಾಲಿನಲ್ಲಿ ಬೇಯಿಸುವುದು ಅವರ ಭಾನುವಾರದ ಅಡುಗೆ. ನಾನು ಮಾಂಸ ತಿನ್ನುವುದಿಲ್ಲ ಅಂತ ಮಗ ಹೇಳಿದ್ದನಂತೆ; ಆ ತಾಯಿ ನನಗೊಬ್ಬಳಿಗೆ ಬರೀ ಈರುಳ್ಳಿ ಹಾಕಿ ಬೇರೆಯೇ ಗಂಟು ಕಟ್ಟಿದ್ದರು. ಬಡಿಸುತ್ತ, ಬಂದವರಿಗೆಲ್ಲ ನನ್ನನ್ನು ತೋರಿಸಿ ಹೇಳಿದರು, "ನನ್ನ ಮಗ ಮೈದಾನದಲ್ಲಿ ಏನು ಮಾಡ್ತಾನೆ ಅಂತ ಕಂಡುಹಿಡಿದದ್ದು ಇವಳೇ."

ಬಾಯಲ್ಲಿದ್ದ ತುತ್ತನ್ನು ನೀರು ಕುಡಿದು ಇಳಿಸಿದೆ.

ಹೊರಡುವಾಗ ಮಲಾಕೈ ಕಾರಿನವರೆಗೆ ಬಂದ. ಇನ್ನು ಹೇಳದಿದ್ದರೆ ಎಂದೂ ಹೇಳಲಾರೆ ಅನ್ನಿಸಿತು.

"ಮಲಾಕೈ, ಮೊದಲು ಒಂದು ಪಟ್ಟಿ ಮಾಡಿದ್ದರಲ್ಲ, ನಿನ್ನನ್ನು ಬೆಂಚಿನಲ್ಲಿ ಕೂರಿಸಿದ್ದು. ಅದನ್ನು ಮಾಡಿದ್ದು ನಾನು. ಒಂದು ಕಾಲಂ ಬೇಕಂತಲೇ ಬಿಟ್ಟೆ. ಆವತ್ತು ನನಗೆ ಸಾಕಾಗಿತ್ತು, ಅದಕ್ಕೆ."

"ಗೊತ್ತು," ಅಂದ.

"ಯಾವಾಗಿನಿಂದ?"

"ಆ ಗುರುವಾರದಿಂದ. ಕೋಚ್ ಮೇಜಿನ ಮೇಲೆ ಇತ್ತು. ಮೇಲೆ ನಿಮ್ಮ ಹೆಸರು."

ಹಾಗಾದರೆ ಅಷ್ಟೂ ಮಧ್ಯಾಹ್ನ ಅವನು ಅದನ್ನು ತಿಳಿದೇ ನನ್ನ ಪಕ್ಕ ಕೂತಿದ್ದ. ಹಳದಿ ವೃತ್ತ ಚೆನ್ನಾಗಿದೆ ಅಂದಿದ್ದ. ನನ್ನ ಬಾಟಲಿಗೆ ನೀರು ತುಂಬಿಸಿ ತಂದಿದ್ದ.

"ಮತ್ತೆ ಯಾಕೆ ನನ್ನ ಹತ್ತಿರವೇ ಬಂದೆ?"

ಅವನು ತಲೆ ಕೆರೆದುಕೊಂಡ. ಅದೊಂದು ಕೇಳಬೇಕಾದ ಪ್ರಶ್ನೆಯೇ ಅಲ್ಲ ಎಂಬಂತೆ. "ಅಪ್ಪನಿಗೆ ಶನಿವಾರ ಕೆಲಸ. ಅಮ್ಮ ಆಟ ನೋಡೋಲ್ಲ, ಹೆದರ್ತಾಳೆ. ಉಳಿದವರೆಲ್ಲ ಚೆಂಡು ನೋಡ್ತಾರೆ. ನನ್ನ ಆಟ ಎಲ್ಲ ನೋಡಿದವರು ನೀವೊಬ್ಬರೇ."

ಒಳಗಿನಿಂದ ಯಾರೋ ಅವನ ಹೆಸರು ಹಿಡಿದು ಕೂಗಿದರು. "ಹುಷಾರಾಗಿ ಡ್ರೈವ್ ಮಾಡಿ," ಎಂದು ಕಾರಿನ ಮಾಡನ್ನು ಎರಡು ಸಲ ತಟ್ಟಿ ಅವನು ಹೋದ. ನಾನು ಕಾರು ಸ್ಟಾರ್ಟ್ ಮಾಡಿ ಹೊರಟೆ. ಏನೋ ಟಿಣ್ ಟಿಣ್ ಅನ್ನುತ್ತಿತ್ತು. ಸೀಟ್ ಬೆಲ್ಟ್ ಹಾಕಿಲ್ಲವೆಂದು ಕಾರು ಎಚ್ಚರಿಸುತ್ತಿದೆ ಅಂತ ತಿಳಿಯುವಷ್ಟರಲ್ಲಿ ಸಮುದ್ರದ ಪಕ್ಕದ ರಸ್ತೆಗೆ ಬಂದಿದ್ದೆ.